ಕಾಶಿಯ ಮೆಟ್ಟಿಲ ಮೇಲೆ ಕೊನೇ ಸಾಲು

ಕಾಶಿಗೆ ಹೋದ ಮೊದಲನೇ ದಿನ ನಾನು ಮಾಡಿದ್ದು ಇಪ್ಪತ್ತು ಜನರ ಚಪ್ಪಲಿ ಕಾಯುವ ಕೆಲಸ.

ತಿಪಟೂರಿನಿಂದ ಹೊರಟ ತಂಡ ನಮ್ಮದು. ಗಂಗೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳನ್ನು ಕಂಡಿದ್ದೇ ತಡ, ನಮ್ಮಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿಬಿಟ್ಟಳು.

"ಅಯ್ಯೋ ಶಿವನೇ, ಬಾವಿಗೆ ಇಳ್ದಂಗೈತಲ್ಲೇ ಇದು! ನೀನು ಇಲ್ಲೇ ಕೂತ್ಕೋ. ನಾನು ಚೊಂಬಲ್ಲಿ ನೀರು ತಂದು ತಲೆ ಮೇಲೆ ಚಿಮುಕಿಸ್ತೀನಿ. ಅಲ್ಲಿಗೆ ಸ್ನಾನ ಆದಂಗೇ ಬುಡು."

ತಂಡದವರೂ "ಹೌದು ಹೌದು, ಪಾಪ, ಅವರು ಇಲ್ಲೇ ಇರ್ಲಿ" ಅಂದರು. ಅಂದವರೇ ನನ್ನ ಸುತ್ತ ಚಪ್ಪಲಿ, ಬ್ಯಾಗು, ಒಣಬಟ್ಟೆ ಎಲ್ಲ ಇಟ್ಟು ಇಳಿದುಹೋದರು. ನಾನು ಕೂತೆ. ಕೂತಿದ್ದು ತಪ್ಪು ಅಂತ ಐದೇ ನಿಮಿಷಕ್ಕೆ ಗೊತ್ತಾಯಿತು.

ನನಗೆ ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ಆಗಿ ಎಡಗಾಲು ಸೊರಗಿತು. ಎಡತೊಡೆಗೆ ಅಂಗೈ ಊರಿ, ಮಂಡಿಯನ್ನು ಹಿಂದಕ್ಕೆ ಒತ್ತಿಕೊಂಡು ನಡೆಯುತ್ತೇನೆ. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಸ್ಕೂಲಿಗೆ, ಹೊಲಕ್ಕೆ, ನೆಂಟರ ಮನೆಗೆ, ಎಲ್ಲಿಗೆ ಹೋದರೂ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗುತ್ತಿದ್ದಳು. ಕಂದಿಕೆರೆಗೆ ಮದುವೆಯಾಗಿ ಹೋಗಿ, ತೋಟ, ದನ, ಮೊಮ್ಮಕ್ಕಳು ಎಲ್ಲ ಆದ ಮೇಲೂ ನಾನು ಎದುರಿಗೆ ಬಂದರೆ ಅವಳ ಕೈ ತಾನಾಗಿ ನನ್ನ ರಟ್ಟೆಗೆ ಬರುತ್ತದೆ. ಕಾಯಿ ಸುಲಿದು ಸುಲಿದು ಒರಟಾದ ಕೈ. ಹಿಡಿದರೆ ಬಿಡಿಸಿಕೊಳ್ಳೋದು ಕಷ್ಟ.

ನಾನು ಮದುವೆಯಾಗಲಿಲ್ಲ. ತುರುವೇಕೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಸ್ಕೂಲ್ ಯೂನಿಫಾರಂ ಹೊಲಿಯುತ್ತೇನೆ. ಇಪ್ಪತ್ತು ವರ್ಷ ಒಂದೇ ಕಾಲಲ್ಲಿ ಮಷೀನು ತುಳಿದು ಸೊಂಟ ಹಿಡಿದುಕೊಂಡಿತು. ರಾತ್ರಿ ಮಗ್ಗುಲು ಬದಲಿಸಲೂ ಆಗದ ಹಾಗಾದಾಗ, ಬ್ಲೌಸಿಗೆ ಅಳತೆ ಕೊಡಲು ಬಂದಿದ್ದ ರಿಟೈರ್ಡ್ ಟೀಚರೊಬ್ಬರು "ಬೆಳಿಗ್ಗೆ ಯೋಗಕ್ಕೆ ಬಾ" ಅಂದರು. ಸಮುದಾಯ ಭವನದಲ್ಲಿ ಅವರೇ ಹೇಳಿಕೊಡುತ್ತಿದ್ದರು.

"ನನ್ನ ಕಾಲು ನೋಡಿದ್ದೀರಲ್ಲ ಮೇಡಂ, ನನಗೆ ಯಾವ ಯೋಗ?" ಅಂದೆ.

"ನಿನ್ನ ಕಾಲಲ್ಲಿ ಏನೇನು ಮಾಡೋಕಾಗುತ್ತೋ ಅದನ್ನ ಇಬ್ಬರೂ ಸೇರಿ ಹುಡುಕೋಣ" ಅಂದರು.

ಹುಡುಕಿದೆವು. ಕಿಟಕಿಯ ಸರಳು ಹಿಡಿದು ನಿಲ್ಲೋದು, ಗೋಡೆಗೆ ಬೆನ್ನು ಕೊಟ್ಟು ಬಗ್ಗೋದು, ಕುರ್ಚಿಯ ಬೆನ್ನಿಗೆ ಕೈಯಿಟ್ಟು ಎಡಗಾಲಿನ ಮೇಲೆ ಒಂದು ಉಸಿರಿನಷ್ಟು ಹೊತ್ತು ಭಾರ ಬಿಡೋದು. ಆ ಒಂದು ಉಸಿರು ಮೂರು ಉಸಿರಾಗಲು ಒಂದು ವರ್ಷ ಹಿಡಿಯಿತು. ಕಣ್ಣು ಮುಚ್ಚಿ ಕೂರೋದನ್ನೂ ಅವರೇ ಕಲಿಸಿದರು. ಈಗ ಆರು ವರ್ಷವಾಯಿತು, ನಾನು ತಪ್ಪಿಸಿದ ದಿನಗಳು ಕಡಿಮೆ. ಅಕ್ಕನಿಗೆ ಇದೆಲ್ಲ ಗೊತ್ತಿತ್ತು, ಆದರೆ ಕಣ್ಣಾರೆ ಕಂಡಿರಲಿಲ್ಲ. "ಅದೇನೋ ಕೈಕಾಲು ಆಡಿಸ್ತಾಳಂತೆ" ಅನ್ನುತ್ತಿದ್ದಳು.

ಚಪ್ಪಲಿ ಕಾಯುತ್ತಾ ಕೂತವಳಿಗೆ ಮೆಟ್ಟಿಲುಗಳ ನಡುಮಧ್ಯೆ ಒಂದು ಅಗಲವಾದ ಕಟ್ಟೆ ಕಾಣಿಸಿತು. ಅಲ್ಲಿ ಮೂವತ್ತು ನಲವತ್ತು ಜನ ಚಾಪೆ ಹಾಸಿಕೊಂಡು ಸೂರ್ಯನಿಗೆ ಮುಖ ಮಾಡಿ ಯೋಗ ಮಾಡುತ್ತಿದ್ದರು. ಯಾರು ಬೇಕಾದರೂ ಹೋಗಿ ಸೇರಿಕೊಳ್ಳುತ್ತಿದ್ದರು, ಕೇಳುವವರಿಲ್ಲ. ಕೆಳಗಿನಿಂದ ಬಂದ ಅಕ್ಕ ತಣ್ಣನೆಯ ನೀರು ನನ್ನ ನೆತ್ತಿಗೆ ಚಿಮುಕಿಸುವಾಗಲೂ ನಾನು ಅತ್ತಲೇ ನೋಡುತ್ತಿದ್ದೆ.

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ, ಅಕ್ಕ ಇನ್ನೂ ಮಲಗಿದ್ದಾಗಲೇ ನಾವು ಇಳಿದುಕೊಂಡಿದ್ದ ಛತ್ರದಿಂದ ಒಬ್ಬಳೇ ಹೊರಟೆ. ಗಲ್ಲಿ ದಾಟಿದರೆ ಘಾಟು. ಮೊದಲ ಕೆಲವು ಮೆಟ್ಟಿಲು ಅಡ್ಡಡ್ಡ ಕಾಲಿಟ್ಟು ಇಳಿದೆ. ಆಮೇಲೆ ಮೆಟ್ಟಿಲು ಎತ್ತರವಾದವು. ಸೀರೆ ಎತ್ತಿ ಕಟ್ಟಿ, ಕೂತು, ಎರಡೂ ಕೈ ಊರಿ, ಒಂದೊಂದಾಗಿ ಜಾರಿಕೊಂಡು ಇಳಿದೆ. ಒಂದಿಬ್ಬರು ಎತ್ತಲು ಬಂದರು, ಬೇಡ ಅಂತ ತಲೆಯಾಡಿಸಿದೆ. ಕಟ್ಟೆ ಸೇರಿದಾಗ ಸೀರೆಗೆಲ್ಲ ಮಣ್ಣು, ಅಂಗೈ ಕೆಂಪು. ಆದರೂ ನಾನಾಗಿ ಬಂದಿದ್ದೆ.

ಹೇಳಿಕೊಡುವವನು ಬಿಳಿ ಬಟ್ಟೆಯ ಯುವಕ. ನನ್ನ ನಡಿಗೆ ನೋಡಿದವನೇ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಕೊನೇ ಸಾಲಿನ ಹಿಂದೆ ಹಾಕಿದ. "ಮಾತಾಜಿ, ಬೈಠಿಯೇ" ಅಂದ. ಪ್ರೀತಿಯಿಂದಲೇ ಅಂದ. ಕೂತೆ. ಎಲ್ಲರೂ ನಿಂತು ಬಗ್ಗುವಾಗ ನನಗೆ ಬೆರಳು ಮಡಿಸುವುದು, ಕತ್ತು ತಿರುಗಿಸುವುದು ಮಾತ್ರ ತೋರಿಸಿದ. ಸ್ವಲ್ಪ ಹೊತ್ತು ಮಾಡಿದೆ. ಆಮೇಲೆ ಎದ್ದು, ಕುರ್ಚಿಯನ್ನು ನನ್ನ ಮುಂದಕ್ಕೆ ತಿರುಗಿಸಿಕೊಂಡು, ಅದರ ಬೆನ್ನು ಹಿಡಿದು ಎಲ್ಲರ ಜೊತೆ ನಿಂತೆ.

ಅವನು ಗಾಬರಿಯಿಂದ ಬಂದ. ನನಗೆ ಬರುವ ಹಿಂದಿ ಅಷ್ಟಕ್ಕಷ್ಟೆ. "ನಹೀ ಭೈಯಾ, ಆತಾ ಹೈ ಮುಝೆ" ಅಂದೆ, ನನಗೆ ಬರುತ್ತೆ ಅಂತ. ವೃಕ್ಷಾಸನ ನಡೆಯುತ್ತಿತ್ತು. ಬಲಗಾಲಿನ ಮೇಲೆ ನಿಂತು, ಎಡಪಾದವನ್ನು ಕೈಯಲ್ಲೇ ಎತ್ತಿ ಬಲಗಾಲಿನ ಮೀನಖಂಡಕ್ಕೆ ಆನಿಸಿ, ಒಂದು ಕೈ ಮೇಲೆತ್ತಿದೆ. ಆಮೇಲೆ ಕಾಲು ಬದಲಿಸಿ ಎಡಗಾಲಿನ ಮೇಲೆ ನಿಂತೆ. ಮಂಡಿ ನಡುಗಿತು. ಒಂದು ಉಸಿರು, ಎರಡು, ಮೂರು. ಅವನು ಕೈ ಚಾಚಿಕೊಂಡೇ ನಿಂತಿದ್ದ. ಮುಟ್ಟಲಿಲ್ಲ. ನಾನು ಕಾಲು ಇಳಿಸಿದ ಮೇಲೆ ಮುಂದಿನ ಸಾಲಿಗೆ ಹೋದ.

ಕೊನೆಯಲ್ಲಿ ಧ್ಯಾನ. ಚಾಪೆಯ ಮೇಲೆ ಎಡಗಾಲು ನೀಡಿ, ಬಲಗಾಲು ಮಡಿಸಿ ಕೂತೆ. ನಮ್ಮ ಸಮುದಾಯ ಭವನದಲ್ಲಿ ಕೇಳುವುದು ಹಾಲಿನ ಗಾಡಿ, ಬಸ್ಸಿನ ಹಾರನ್ನು. ಇಲ್ಲಿ ಗಂಟೆ, ದೋಣಿಯ ಮೋಟಾರು, ಬಟ್ಟೆ ಒಗೆಯುವ ಸದ್ದು. ಉಸಿರು ಮಾತ್ರ ಅದೇ. ಮೂಗಿನ ತುದಿಯಲ್ಲಿ ಅದನ್ನು ಹಿಡಿಯುತ್ತಾ ಹೋದೆ. ಸದ್ದುಗಳೆಲ್ಲ ದೂರವಾದವು. ಆಗ ನನ್ನ ಹೆಸರು ಕೇಳಿಸಿತು.

ಅಕ್ಕ ಮೇಲಿನಿಂದ ಕೂಗುತ್ತಿದ್ದಳು. ಇಡೀ ಘಾಟಿಗೆ ಕೇಳುವಂತೆ, ಹೊಲದಲ್ಲಿ ಕರು ಕಳೆದುಕೊಂಡವರ ಹಾಗೆ. ಕಣ್ಣು ತೆರೆಯಬೇಕು ಅನ್ನಿಸಿತು. ತೆರೆಯಲಿಲ್ಲ. ಕೂಗು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ನಿಂತುಹೋಯಿತು.

ಕಣ್ಣು ಬಿಟ್ಟಾಗ ಅಕ್ಕ ಎರಡು ಮಾರು ದೂರದ ಮೆಟ್ಟಿಲ ಮೇಲೆ ಕೂತಿದ್ದಳು. ಬಾಚದ ತಲೆ, ತಿರುವುಮುರುವು ಹೊದ್ದ ಸೆರಗು. ಕಣ್ಣು ತುಂಬ ನೀರು.

"ಹೇಳ್ದೆ ಕೇಳ್ದೆ ಬಂದ್ಬುಡೋದೇನೇ? ಹಾಸಿಗೆ ಖಾಲಿ ಕಂಡು ನನ್ನ ಜೀವ ಹೋಯ್ತು ಕಣೇ! ಜಾರಿಬಿದ್ದು ಗಂಗೆ ಪಾಲಾಗಿದ್ರೆ ಊರಿಗೆ ಹೋಗಿ ಏನಂತ ಹೇಳ್ಲಿ?"

"ಹೇಳಿದ್ರೆ ಬಿಡ್ತಿದ್ಯಾ ಅಕ್ಕ?"

"ಬಿಡ್ತಿರ್ಲಿಲ್ಲ."

"ನನಗೆ ನಲವತ್ತೇಳು ವರ್ಷ."

"ನಂಗೊತ್ತಿಲ್ವಾ? ನೀನು ಹುಟ್ಟಿದಾಗ ಬಿಸಿನೀರು ಕಾಯಿಸಿದ್ದೇ ನಾನು." ಮೂಗು ಒರೆಸಿಕೊಂಡಳು. "ಕೂಗ್ತಾನೇ ಬಂದೆ. ನಿನ್ನ ಮುಖ ನೋಡ್ದೆ. ಯಾಕೋ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ" ಅಂದಳು.

ಮೇಲೆ ಹತ್ತುವಾಗ ಅವಳು ನನ್ನ ರಟ್ಟೆ ಹಿಡಿಯಲಿಲ್ಲ. ನನ್ನ ಹಿಂದೆ ಒಂದೊಂದೇ ಮೆಟ್ಟಿಲು ಬಿಟ್ಟುಕೊಂಡು ಬಂದಳು. ಹಿಂದೆಯಿಂದ ಅವಳ ಉಸಿರು ನನಗೆ ಕೇಳಿಸುತ್ತಿತ್ತು.

ಮೂರನೇ ದಿನ ಇಬ್ಬರೂ ಒಟ್ಟಿಗೆ ಹೋದೆವು. ಅಕ್ಕ ಟೀ ಫ್ಲಾಸ್ಕು ಹಿಡಿದು ಮೆಟ್ಟಿಲ ಮೇಲೆ ಕೂತಳು. ಅವತ್ತು ಕೊನೇ ಸಾಲಿನಲ್ಲಿ ಇನ್ನೊಂದು ಕುರ್ಚಿ ಇತ್ತು. ಅದರಲ್ಲಿ ಅರವತ್ತರ ಹತ್ತಿರದ ಒಬ್ಬ ಹೆಂಗಸು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು, ಮಗಳು ಕರೆತಂದಿದ್ದಳು. ಅವರ ಭಾಷೆ ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಆ ಯುವಕ ನನ್ನ ಹತ್ತಿರ ಬಂದು ಕೈಮುಗಿದು, "ಮಾತಾಜಿ, ಆಪ್ ಇನ್ಹೆ ಬತಾಯಿಯೇ" ಅಂದ. ನೀವೇ ಇವರಿಗೆ ಹೇಳಿಕೊಡಿ ಅಂತ.

ಹೇಳಿಕೊಡಲು ನಾನ್ಯಾರು? ಆದರೆ ಬಿದ್ದುಹೋದ ಕೈಯನ್ನು ಆ ಹೆಂಗಸು ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದಳು. ನಾನೂ ನನ್ನ ಕಾಲನ್ನು ಎಷ್ಟೋ ವರ್ಷ ಹಾಗೆಯೇ ಸೀರೆಯ ನಿರಿಗೆಯೊಳಗೆ ಮುಚ್ಚಿಟ್ಟವಳು. ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಮೊದಲು ನನ್ನ ಸೀರೆ ಸ್ವಲ್ಪ ಸರಿಸಿ ನನ್ನ ಸಣ್ಣ ಕಾಲು ತೋರಿಸಿದೆ. ಅವಳು ನೋಡಿದಳು. ಆಮೇಲೆ ತನ್ನ ಕೈ ಹೊರಗೆ ತೆಗೆದಳು.

ಎರಡೂ ಕೈಯ ಬೆರಳು ಹೆಣೆದುಕೊಳ್ಳುವುದು, ಗಟ್ಟಿ ಕೈಯೇ ಮೆತ್ತಗಿನ ಕೈಯನ್ನು ಎತ್ತಿಕೊಂಡು ಹೋಗುವುದು, ಉಸಿರು ಒಳಗೆ ಬರುವಾಗ ಮೇಲೆ, ಹೊರಗೆ ಹೋಗುವಾಗ ಕೆಳಗೆ. ಮೊದಲು ಎದೆಯ ತನಕ ಬಂತು. ಆಮೇಲೆ ಗಲ್ಲದ ತನಕ. ಐದಾರು ಸಲ ಆದ ಮೇಲೆ ಹಣೆ ದಾಟಿ ತಲೆಯ ಮೇಲೆ ಹೋಯಿತು. ಆ ಹೆಂಗಸು ತನ್ನ ಕೈಯನ್ನು ತಾನೇ ತಲೆಯೆತ್ತಿ ನೋಡಿ ಗಟ್ಟಿಯಾಗಿ ನಕ್ಕುಬಿಟ್ಟಳು. ಮುಂದಿನ ಸಾಲಿನವರೆಲ್ಲ ತಿರುಗಿದರು. ನಾನೂ ನಕ್ಕೆ. ನನ್ನ ಬದುಕಿನಲ್ಲಿ ಎಷ್ಟೋ ಬ್ಲೌಸು ಹೊಲಿದು ಸೈ ಅನ್ನಿಸಿಕೊಂಡಿದ್ದೇನೆ. ಅವತ್ತಿನ ಹೆಮ್ಮೆ ಬೇರೆ. ಎದೆಯೊಳಗೆ ಜಾಗ ಸಾಲದ ಹಾಗಿತ್ತು.

ನಾಲ್ಕನೇ ದಿನ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಮಂಡಿ ನೋವಿನ ಇನ್ನಿಬ್ಬರು ಕುರ್ಚಿ ಎಳೆದುಕೊಂಡು ನಮ್ಮ ಪಕ್ಕ ಕೂತರು. ಐದನೇ ದಿನ ಏಳು ಜನರಿಂದ ಕೊನೇ ಸಾಲು ತುಂಬಿತ್ತು. ಮುಂದೆ ನಿಂತು ಯುವಕ ಹೇಳುತ್ತಿದ್ದ. ಅದನ್ನು ಕುರ್ಚಿಯಲ್ಲಿ ಹೇಗೆ ಮಾಡಬಹುದು ಅಂತ ಹಿಂದೆ ನಾನು ಮಾಡಿ ತೋರಿಸುತ್ತಿದ್ದೆ.

ಅವತ್ತೇ ನಾವು ಹೊರಡುವ ದಿನ. ಯೋಗ ಮುಗಿದ ಮೇಲೆ, "ಅಕ್ಕ, ನೀರಿಗೆ ಇಳಿತೀನಿ" ಅಂದೆ. ಅವಳು ನನಗಿಂತ ಮೊದಲೇ ಇಳಿದು ಮೊಣಕಾಲುದ್ದ ನೀರಲ್ಲಿ ನಿಂತಳು. ಪಾಚಿ ಕಟ್ಟಿದ ಕೊನೇ ಮೆಟ್ಟಿಲುಗಳನ್ನು ನಾನು ಕೂತು ಕೂತು ಇಳಿಯುತ್ತಿದ್ದರೆ, ಅಕ್ಕ ತನ್ನ ಎರಡೂ ಕೈಯನ್ನು ಸೆರಗಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಬಿಟ್ಟರೆ ಎಲ್ಲಿ ತಾವಾಗಿ ನನ್ನ ಕಡೆ ಬಂದುಬಿಡುತ್ತವೋ ಅನ್ನುವ ಹಾಗೆ. ಸ್ನಾನ ಮಾಡುವವರು ಹಿಡಿದುಕೊಳ್ಳಲೆಂದು ಮೆಟ್ಟಿಲಿಗೆ ಕಟ್ಟಿದ್ದ ಸರಪಳಿ ಹಿಡಿದು ಮೂರು ಮುಳುಗು ಹಾಕಿದೆ. ನೀರಿನಲ್ಲಿ ನನ್ನ ಎಡಗಾಲಿಗೆ ಭಾರವೇ ಇರಲಿಲ್ಲ.

ವಾಪಸು ಬರುವ ರೈಲಿನಲ್ಲಿ ಅಕ್ಕ ಕಂದಿಕೆರೆಯಿಂದ ತಂದಿದ್ದ ಕೊಬ್ಬರಿ ಮಿಠಾಯಿಯ ಡಬ್ಬಿ ತೆರೆದು, ಎದುರು ಸೀಟಿನ ಕನ್ನಡದ ಕುಟುಂಬಕ್ಕೆಲ್ಲ ಹಂಚಿದಳು. ಹಂಚಿ ಮುಗಿಸಿ ಶುರು ಮಾಡಿದಳು:

"ಇವಳು ನಮ್ಮ ತಂಗಿ ಕಣ್ರೀ. ತುರುವೇಕೆರೇಲಿ ಅಂಗಡಿ ಮಡಗವ್ಳೆ. ಕಾಶೀಲಿ ಐದು ದಿನವೂ ನೂರಾರು ಜನಕ್ಕೆ ಇವಳೇ ಯೋಗ ಹೇಳ್ಕೊಟ್ಟಿದ್ದು. ಅಲ್ಲಿನ ಗುರುಗಳೇ ಕೈಮುಗಿದು ಕೇಳ್ಕೊಂಡ್ರು."

ಏಳು ಜನ ನೂರಾರು ಆಗಿದ್ದರು, ಮೂರು ದಿನ ಐದಾಗಿತ್ತು. ಎದುರು ಸೀಟಿನವರು ನನ್ನನ್ನು ಕಣ್ಣರಳಿಸಿ ನೋಡಿದರು. ತಿದ್ದೋಣ ಅಂತ ಬಾಯಿ ತೆರೆದೆ. ಅಕ್ಕನ ಮುಖ ನೋಡಿದೆ. ಇನ್ನೊಂದು ತುಂಡು ಮಿಠಾಯಿ ಬಾಯಿಗೆ ಹಾಕಿಕೊಂಡು, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡೆ.