ಮಾಹಿಮ್ ಖಾಡಿಯ ದಂಡೆಯಲ್ಲಿ ಮಾಂಸದ ನೀರು

ಮೀರಜ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಟಿಕೆಟ್ ಕಲೆಕ್ಟರ್ ನನ್ನ ತಗಡಿನ ಪೆಟ್ಟಿಗೆ ಬಿಚ್ಚಿಸಿದ. ಒಳಗೆ ಒಂದು ಸಣ್ಣ ತಕ್ಕಡಿ, ಎರಡು ದಪ್ಪ ಗಾಜಿನ ಫಲಕ, ಅವನ್ನು ಬಿಗಿಯುವ ತಿರುಪು, ಒಂದು ಕಟ್ಟು ಸೋಸುಕಾಗದ. ಏನಿದು ಎಂದು ಕೇಳಿದ. ಹಂದಿಮಾಂಸ ಎಷ್ಟು ನೀರು ಬಿಡುತ್ತದೆ ಎಂದು ಅಳೆಯುವ ಸಾಮಾನು ಎಂದೆ. ನನ್ನ ಹಣೆಯ ವಿಭೂತಿಯನ್ನೂ ಪೆಟ್ಟಿಗೆಯನ್ನೂ ಒಮ್ಮೆ ನೋಡಿ, ಮುಚ್ಚಿಕೊಳ್ಳಿ ಎಂದು ಸನ್ನೆ ಮಾಡಿ ಮುಂದೆ ಹೋದ.

ಬಾಂಗ್ಲಾ ಯುದ್ಧ ಮುಗಿದ ಮರುವರ್ಷದ ಮೇ ತಿಂಗಳು ಅದು. ಊರು ಗದಗವಾದರೂ ನಾನು ಬೆಂಗಳೂರಿನಲ್ಲಿ ಪಶುವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಂಡಿದ್ದೆ. ಬಾಂದ್ರಾದ ಒಂದು ಸಣ್ಣ ಕಾರ್ಖಾನೆಯವರು ಹಂದಿಯ ತೊಡೆಮಾಂಸವನ್ನು ಉಪ್ಪು ಹಾಕಿ ಹದಮಾಡಿ ಹೋಟೆಲುಗಳಿಗೆ ಮಾರುತ್ತಿದ್ದರು. ಕೆಲವು ತಿಂಗಳಿಂದ ಅವರಿಗೆ ಬರುತ್ತಿದ್ದ ಮಾಂಸ ಬಣ್ಣಗೆಟ್ಟು, ಮೆತ್ತಗಾಗಿ, ತಟ್ಟೆಯಲ್ಲಿಟ್ಟರೆ ನೀರು ಸುರಿಸುತ್ತಿತ್ತು. ಬಂದು ನೋಡಿ ಹೇಳಬೇಕೆಂದು ನನ್ನನ್ನು ಕರೆಸಿದ್ದರು.

ದಾದರಿನಲ್ಲಿ ಇಳಿದಾಗ ಬೆಳಗಿನ ಹೊತ್ತಿಗೇ ಅಂಗಿ ಬೆನ್ನಿಗೆ ಅಂಟಿತ್ತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿದ್ದರೂ ಮಳೆಯ ಸುಳಿವಿರಲಿಲ್ಲ. ನಾನು ಉಳಿದುಕೊಂಡದ್ದು ವಡಾಲದಲ್ಲಿ, ಬಂದರಿನಲ್ಲಿ ಗುಮಾಸ್ತನಾಗಿದ್ದ ಚಿಕ್ಕಪ್ಪನ ಮಗ ರುದ್ರಪ್ಪನ ಒಂದು ಕೋಣೆಯ ಮನೆಯಲ್ಲಿ. ಅವನ ಹೆಂಡತಿ ರೊಟ್ಟಿ ಬಡಿಸುವಾಗ ಅವನು ದನಿ ತಗ್ಗಿಸಿ, "ಅಣ್ಣಾ, ಬಿಲ್ಡಿಂಗ್‌ನ್ಯಾಗ ಯಾರಿಗೂ ಹಂದಿ ಅಂತ ಹೇಳಬ್ಯಾಡ. ಔಷಧ ಕಂಪನಿ ಕೆಲಸಕ್ಕ ಬಂದಾನ ಅಂತ ಹೇಳೇನಿ" ಎಂದ. ಆಗಲಿ ಎಂದೆ. ಉಂಡ ಮನೆಯ ಮಾನ ಕಳೆಯಬಾರದಷ್ಟೆ.

ವಡಾಲದಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದರೆ ಬಾಂದ್ರಾ ದೂರವಲ್ಲ. ಮಾಹಿಮ್ ದಾಟಿದ ಮೇಲೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ಬರುತ್ತದೆ. ಕೆಳಗೆ ಕಪ್ಪು ಕೆಸರು, ದಂಡೆಯಲ್ಲಿ ಗುಡಿಸಲುಗಳು. ಬಾಗಿಲಲ್ಲಿ ನಿಂತವರೆಲ್ಲ ಅಭ್ಯಾಸಬಲದಿಂದ ಮೂಗಿಗೆ ಕರವಸ್ತ್ರ ಹಿಡಿದರು.

ಕಾರ್ಖಾನೆಯ ಮ್ಯಾನೇಜರು ಬಾಂದ್ರಾದಲ್ಲೇ ಹುಟ್ಟಿ ಬೆಳೆದವನು, ಇಂಗ್ಲಿಷಿನಲ್ಲೇ ಮಾತು. ಅವನ ಮಟ್ಟಿಗೆ ತೀರ್ಪು ಆಗಲೇ ಆಗಿಹೋಗಿತ್ತು. ಹಂದಿ ಒದಗಿಸುವ ಲಾರೆನ್ಸ್ ಪೊರ್ಬು ಅವಕ್ಕೆ ಮಾಟುಂಗದ ಉಡುಪಿ ಹೋಟೆಲುಗಳ ಎಂಜಲು ತಿನ್ನಿಸುತ್ತಾನೆ, ಗಂಜಿ ಕುಡಿದ ಹಂದಿಯ ಮೈಯಲ್ಲಿ ನೀರಲ್ಲದೆ ಇನ್ನೇನಿರುತ್ತದೆ ಎಂದ. ನನ್ನ ಪರೀಕ್ಷೆಯೂ ಅದನ್ನೇ ಹೇಳಿದರೆ ಅವನ ಹಂದಿಗಳಿಗೆ ಈ ಗೇಟು ಮುಚ್ಚಿದಂತೆಯೇ. ಲಾರಿಯಲ್ಲಿ ಹಂದಿ ತರುವ ದಲ್ಲಾಳಿಯೊಬ್ಬ ಕಾದಿದ್ದಾನೆ ಎಂದೂ ಸೇರಿಸಿದ. ಬೇರೆ ಗಿರಾಕಿ ಇಲ್ಲದ ಲಾರೆನ್ಸರಿಗೆ ಅದು ಹೊಟ್ಟೆಯ ಮೇಲೆ ಬರೆ.

ಮರುದಿನ ಬೆಳಿಗ್ಗೆ ಲಾರೆನ್ಸ್ ತಮ್ಮ ಹಂದಿಗಳನ್ನು ನಡೆಸಿಕೊಂಡು ಬಂದರು. ಉಡುಪಿಯ ಕಡೆಯ ಕ್ರಿಸ್ತುವರು, ಐವತ್ತು ದಾಟಿದವರು, ಕೈಯಲ್ಲಿ ಕೋಲು ಕೂಡ ಇರಲಿಲ್ಲ. ನಾಲಿಗೆಯಿಂದ ಲೊಚಗುಟ್ಟಿದರೆ ಹಂದಿಗಳು ಹಿಂದೆ ಬರುತ್ತಿದ್ದವು. ನಾನು ಕನ್ನಡದವನೆಂದು ತಿಳಿದು ಅವರ ಮುಖ ಅರಳಿತು. ಅರಳಿದ್ದು ನೋಡಿ ನನಗೇ ಕಸಿವಿಸಿಯಾಯಿತು. ಭಾಷೆ ಒಂದಾದ ಮಾತ್ರಕ್ಕೆ ಮಾಂಸ ನೀರು ಬಿಡುವುದನ್ನು ನಿಲ್ಲಿಸುತ್ತದೆಯೇ?

ಪರೀಕ್ಷೆ ಸರಳ. ಒಂದು ದಿನ ತಂಪು ಕೋಣೆಯಲ್ಲಿಟ್ಟ ಮಾಂಸದಿಂದ ಹುಣಸೆಬೀಜದಷ್ಟು ಚೂರನ್ನು ಸೋಸುಕಾಗದದ ಮೇಲಿಟ್ಟು, ಎರಡು ಗಾಜುಗಳ ನಡುವೆ ತಿರುಪು ಬಿಗಿದು ಅದುಮಬೇಕು. ಮಾಂಸ ನಡುವೆ ಚಪ್ಪಟೆಯಾಗುತ್ತದೆ, ಅದು ಬಿಟ್ಟ ನೀರು ಸುತ್ತಲೂ ಒದ್ದೆ ಬಳೆಯಾಗಿ ಹರಡುತ್ತದೆ. ಬಳೆ ಅಗಲವಾದಷ್ಟೂ ಮಾಂಸ ಕೆಟ್ಟದ್ದು. ಇದರ ಜೊತೆಗೆ ಒಂದು ತುಂಡನ್ನು ತೂಗಿ, ಕೊಕ್ಕೆಗೆ ನೇತುಹಾಕಿ, ಮರುದಿನ ಮತ್ತೆ ತೂಗಿ ಎಷ್ಟು ಇಳಿಯಿತೆಂದು ನೋಡುವುದೂ ಉಂಟು. ಎರಡರಲ್ಲೂ ಲಾರೆನ್ಸರ ಹಂದಿ ಸೋತಿತು. ಪಕ್ಕದಲ್ಲಿ ನಿಂತಿದ್ದ ಅವರು ಒದ್ದೆ ಬಳೆಯನ್ನು ನೋಡಿ ಹೊರಗೆ ಹೋದರು.

ಆದರೆ ಎಂಜಲು ತಿಂದು ಬೆಳೆದದ್ದೇ ಕಾರಣವೆಂದು ನನಗೆ ಅನ್ನಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ನನ್ನಿಂದಾಗದು. ಇನ್ನೊಂದು ತಂಡದ ಹಂದಿ ತರಲು ಹೇಳಿ, ಅವು ಹೊರಡುವ ಬೆಳಿಗ್ಗೆ ನಾನೇ ಖಾಡಿಯ ದಂಡೆಯಲ್ಲಿದ್ದ ಲಾರೆನ್ಸರ ಮನೆಗೆ ಹೋದೆ. ಅಲ್ಲಿನ ನಾತಕ್ಕೆ ಹೆದರಿಕೊಂಡೇ ಹೋದವನಿಗೆ ಕಂಡದ್ದು ಗುಡಿಸಿ ತೊಳೆದ ಕೊಟ್ಟಿಗೆ. ಲಾರೆನ್ಸರ ಹೆಂಡತಿ ಸೆವ್ರಿನ್ ಬಾಯಿ ಹೊರಡಲಿದ್ದ ಹಂದಿಗಳನ್ನು ಬೇರೆ ಕಟ್ಟಿ, ಅವುಗಳ ಮುಂದೆ ಹೋಟೆಲಿನಿಂದ ತಂದ ಶಿರಾ, ಮುರಿದ ಜಿಲೇಬಿ ಸುರಿದು ಮೇಲೆ ಬೆಲ್ಲದ ನೀರು ಹೊಯ್ಯುತ್ತಿದ್ದರು. ಉಳಿದ ಹಂದಿಗಳಿಗೆ ಬರೀ ಅನ್ನ, ತೌಡು. ಹೊರಡುವವಕ್ಕೆ ಮಾತ್ರ ಸಿಹಿ.

ಯಾಕೆ ಎಂದು ಕೇಳಿದೆ. ಹೋಗುವವರನ್ನು ಖಾಲಿ ಹೊಟ್ಟೆಯಲ್ಲಿ ಕಳಿಸಬಾರದಲ್ಲ ಎಂದರು. ಅವರು ಚಿಕ್ಕವರಿದ್ದಾಗ ಅವರ ಅಪ್ಪ ಯಾವುದೋ ಜಗಳಕ್ಕೆ ಊಟ ಬಿಟ್ಟು ಹಡಗಿನ ಕೆಲಸಕ್ಕೆ ಹೋದವರು ಮತ್ತೆ ಬರಲಿಲ್ಲವಂತೆ. ಅಂದಿನಿಂದ ಆ ಮನೆಯ ಹೊಸ್ತಿಲು ಯಾರು ದಾಟಿದರೂ ಉಂಡೇ ದಾಟಬೇಕು. ಮೊದಲು ಗಂಜಿ ಕೊಡುತ್ತಿದ್ದರಂತೆ. ಈಚೆಗೆ ಹೋಟೆಲಿನವರು ಉಳಿದ ಸಿಹಿಯನ್ನೂ ಕೊಡಲು ತೊಡಗಿದ ಮೇಲೆ, ಹೋಗುವವು ಒಳ್ಳೆಯದನ್ನೇ ತಿಂದು ಹೋಗಲಿ ಎಂದು ಹೀಗೆ. ಹೇಳುವಾಗ ಅವರ ಮುಖದಲ್ಲಿ ಸಣ್ಣ ಹೆಮ್ಮೆಯಿತ್ತು.

ನನಗೆ ಕಾರಣ ಸಿಕ್ಕಿತು, ಸಿಕ್ಕಿದ್ದಕ್ಕೆ ಸಂಕಟವೂ ಆಯಿತು. ಸಿಹಿ ತುಂಬಿಕೊಂಡು ಬಿಸಿಲಲ್ಲಿ ನಡೆದು ಬಂದ ಪ್ರಾಣಿಯನ್ನು ಕೂಡಲೇ ಕೊಂದರೆ, ಮೈಯೊಳಗಿನ ಸಕ್ಕರೆ ಮಾಂಸದಲ್ಲಿ ಹುಳಿಯಾಗುತ್ತದೆ. ಹುಳಿ ಬಿದ್ದ ಹಾಲು ಒಡೆದು ನೀರು ಬೇರೆಯಾಗುವ ಹಾಗೆ, ಆ ಮಾಂಸ ತನ್ನ ನೀರನ್ನು ಹಿಡಿದುಕೊಳ್ಳಲಾರದು. ಲಾರೆನ್ಸರನ್ನು ಪಕ್ಕಕ್ಕೆ ಕರೆದು ಇಷ್ಟನ್ನೂ ಬಿಡಿಸಿ ಹೇಳಿದೆ. ಇವತ್ತಿನ ಹಂದಿಗಳು ಇಲ್ಲೇ ಉಳಿಯಲಿ, ನಾಳೆಯವರೆಗೆ ನೀರು ಮಾತ್ರ ಕೊಡಿ ಎಂದೆ. ಅವರು ತಲೆ ತಗ್ಗಿಸಿ, "ಅವಳಿಗೆ ನೀವೇ ಹೇಳಿ ಡಾಕ್ಟ್ರೆ. ನಂಗೆ ಧೈರ್ಯ ಇಲ್ಲ" ಎಂದರು.

ನಾನೇ ಹೇಳಿದೆ. ಸೆವ್ರಿನ್ ಬಾಯಿ ಬೆಲ್ಲದ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ದಿನ ಮತ್ತೆ ಮಾಡಲು ಕೆಲಸವಿರಲಿಲ್ಲ. ಫೋರ್ಟಿಗೆ ಹೋಗಿ ಬ್ಯಾಂಕುಗಳ ದೊಡ್ಡ ಕಂಬಗಳನ್ನು ನೋಡುತ್ತ ಅಲೆದೆ. ಒಂದು ಉಡುಪಿ ಹೋಟೆಲಿನಲ್ಲಿ ಆಫೀಸಿನವರ ಸಾಲಿನಲ್ಲಿ ನಿಂತು, ಒಂದೂವರೆ ರೂಪಾಯಿಯ ಊಟಕ್ಕೆ ಕುಳಿತೆ. ಸಾರು ಚೆನ್ನಾಗಿತ್ತು, ಶಿರಾ ಬಂದಾಗ ಬೇಡವೆಂದೆ. ಬಡಿಸುವವನು ಕುಂದಾಪುರದವನಿರಬೇಕು, "ಸಕ್ಕರೆ ಕಾಯಿಲೆಯಾ?" ಎಂದು ಕನಿಕರದಿಂದ ಕೇಳಿದ. ಹೌದೆಂದುಬಿಟ್ಟೆ.

ಉಪವಾಸವಿದ್ದ ಹಂದಿಗಳು ಹೊತ್ತಾರೆಯ ತಂಪಿನಲ್ಲಿ ಬಂದವು. ಅವು ನೆರಳಿನಲ್ಲಿ ಸುಧಾರಿಸಿಕೊಂಡ ಮೇಲೆಯೇ ಕೊಲ್ಲಲು ಹೇಳಿದ್ದೆ. ಮರುದಿನ ಗಾಜು ಬಿಚ್ಚಿ ನೋಡಿದರೆ ಮಾಂಸದ ಸುತ್ತ ಒದ್ದೆ ಬಳೆ ತೆಳ್ಳಗೆ, ಇದ್ದೂ ಇಲ್ಲದಂತೆ ನಿಂತಿತ್ತು. ನೇತುಹಾಕಿದ ತುಂಡಿನ ಕೆಳಗಿನ ತಟ್ಟೆ ಹೆಚ್ಚುಕಡಿಮೆ ಒಣಗಿತ್ತು. ಮ್ಯಾನೇಜರು ಒತ್ತಿ ನೋಡಿ, ಇಂಥದ್ದೇ ಬೇಕು ಎಂದ. ಲಾರೆನ್ಸರೇ ಮುಂದುವರಿಯಲಿ, ದಲ್ಲಾಳಿಗೆ ಬೇಡವೆಂದು ಹೇಳುತ್ತೇನೆ ಎಂದು ನನ್ನ ಕೈ ಕುಲುಕಿದ.

ಪೆಟ್ಟಿಗೆ ಕಟ್ಟಿಕೊಂಡು ಸುದ್ದಿ ಹೇಳಲು ಖಾಡಿಯ ಕಡೆಗೆ ನಡೆದೆ. ಒಳ್ಳೆಯ ಸುದ್ದಿ ಹೊತ್ತವನ ಕಾಲು ಚುರುಕಾಗಿರುತ್ತದೆ. ಕೊಟ್ಟಿಗೆಯ ಎದುರು ಒಂದು ಲಾರಿ ನಿಂತಿತ್ತು. ಅದು ಆ ದಲ್ಲಾಳಿಯದೇ. ಲಾರೆನ್ಸ್ ನನ್ನನ್ನು ನೋಡಿ ಹತ್ತಿರ ಬಂದು, ಎಲ್ಲವನ್ನೂ ಅವನಿಗೇ ಮಾರಿದೆವು ಎಂದರು. ಬಳೆ ತೆಳ್ಳಗಾಯಿತು, ಕಾರ್ಖಾನೆಯವರು ಒಪ್ಪಿದರು ಎಂದೆ. ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದರು. ತಾವು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೇಳಿದ್ದಾಗಿ ಹೇಳಿದರು.

ಸೆವ್ರಿನ್ ಬಾಯಿ ಒಳಗಿನಿಂದ ಬಕೆಟು ಹಿಡಿದು ಬಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಇವು ಸಾಯ್ಲಿಕ್ಕೆ ಹೋಗುದು ಅಂತ ನಂಗೆ ಯಾವಾಗಲೂ ಗೊತ್ತಿತ್ತು ಡಾಕ್ಟ್ರೆ. ಹಸಿದು ಹೋದದ್ದು ಮಾತ್ರ ನಿನ್ನೆಯೇ ಮೊದಲು. ಹೋಗುವಾಗ ತಿರುಗಿ ತಿರುಗಿ ನನ್ನ ಕೈ ನೋಡಿದವು. ಇನ್ನು ನನ್ನಿಂದ ಆಗುದಿಲ್ಲ."

ನನ್ನ ಅಳತೆ ಸರಿಯಾಗಿತ್ತು. ಬದುಕಿನಲ್ಲಿ ಸರಿಯಾದುದಕ್ಕೆ ಅಷ್ಟು ದುಃಖಪಟ್ಟದ್ದು ನನಗೆ ನೆನಪಿಲ್ಲ.

ಆಕಾಶ ಇನ್ನಷ್ಟು ಕಪ್ಪಾಗಿತ್ತು, ಮಳೆ ಬಂದಿರಲಿಲ್ಲ. ಲೋಕಲ್ ಸೇತುವೆಯ ಮೇಲೆ ಬಂದಾಗ ಬಾಗಿಲಿಗೆ ಬಂದು ನೋಡಿದೆ. ಲಾರಿ ಇನ್ನೂ ಅಲ್ಲೇ ನಿಂತಿತ್ತು, ದಲ್ಲಾಳಿ ಕೆಳಗಿಳಿದು ಬೀಡಿ ಸೇದುತ್ತಿದ್ದ. ಸೆವ್ರಿನ್ ಬಾಯಿ ಒಂದೊಂದೇ ಹಂದಿಯ ಮುಂದೆ ಬಗ್ಗಿ ಬಕೆಟಿನಿಂದ ಬಡಿಸುತ್ತಿದ್ದರು. ಎಲ್ಲವೂ ತಿಂದು ಮುಗಿಸುವವರೆಗೆ ಲಾರಿ ಹೊರಡುವಂತಿರಲಿಲ್ಲ.