ದನಿ ಹೋದ ಗೆಳೆಯನ ಬ್ಲಾಗಿಗೆ ಓದುಗರನ್ನು ಹುಡುಕಿದ್ದು

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕದುದ್ದಕ್ಕೂ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಸಮಾಜ ವಿಜ್ಞಾನದ ಮೇಷ್ಟ್ರು, ಅರಕಲಗೂಡಿನ ಕಡೆಯ ಒಕ್ಕಲು ಮನೆತನದವನು. ಅವನು ಮಾತಿಗೆ ಕೂತನೆಂದರೆ ಯಾರೂ ಏಳುತ್ತಿರಲಿಲ್ಲ. ತನ್ನೂರಿನ ಎಮ್ಮೆಯೊಂದನ್ನು ಸಾಕ್ಷಿಗೆಂದು ಕೋರ್ಟಿಗೆ ಹೊಡೆದುಕೊಂಡು ಹೋದ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದ. ಗೊತ್ತಿದ್ದ ಕಥೆಗೇ ನಾವು ಮತ್ತೆ ನಗುತ್ತಿದ್ದೆವು. ಹಾಸನದ ಬಸ್ಸಿಗೆ ಹೊತ್ತಾಯಿತೆಂದು ನಾನು ಬ್ಯಾಗು ಎತ್ತಿಕೊಂಡರೆ, "ಕೂತ್ಕಳ್ಲಾ, ಇನ್ನೂ ಜಡ್ಜೇ ಬಂದಿಲ್ಲ. ಇನ್ನೊಂದ್ ಬಸ್ ಬತ್ತದೆ ಕಣ್ಲಾ" ಎನ್ನುತ್ತಿದ್ದ. ನಾನು ಕೂರುತ್ತಿದ್ದೆ.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾದ ಮೇಲೆ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತ. ಮೊದಮೊದಲು ನೋಡಲು ಬಂದವರು ಜಾಸ್ತಿ. ಅವನು ಸ್ಲೇಟಿನ ಮೇಲೆ ಬರೆದು ತೋರಿಸುವಷ್ಟರಲ್ಲಿ ಅವರ ಮಾತು ಬೇರೆಲ್ಲಿಗೋ ಹೋಗಿರುತ್ತಿತ್ತು. ಅರ್ಧ ಬರೆದದ್ದನ್ನು ಅಂಗೈಯಿಂದ ಒರೆಸಿಬಿಡುತ್ತಿದ್ದ. ಬರಬರುತ್ತಾ ಜನ ಬರುವುದೇ ನಿಂತಿತು.

ಬ್ಲಾಗು ನನ್ನ ಯೋಚನೆ. ಕನ್ನಡದಲ್ಲಿ ಬರೆಯಬಲ್ಲವರೆಲ್ಲ ಬ್ಲಾಗು ತೆರೆಯುತ್ತಿದ್ದ ಕಾಲ ಅದು. ಹಾಸನದಿಂದ ಹಳೆಯ ಕಂಪ್ಯೂಟರೊಂದನ್ನು ತಂದು, ಫೋನ್ ಲೈನಿಗೆ ಇಂಟರ್ನೆಟ್ ಹಾಕಿಸಿ, "ಇಲ್ಲಿ ನೀನು ನಿಧಾನವಾಗಿ ಬರಿ. ಓದೋರು ಆಮೇಲೆ ಬತ್ತಾರೆ" ಎಂದೆ. ಅವನು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಎಮ್ಮೆಯ ಕಥೆ ಬರೆದ.

ಬಂದವರು ಯಾವ ಊರಿನವರು, ಎಷ್ಟು ಹೊತ್ತು ಇದ್ದರು ಎಂದು ತೋರಿಸುವ ಪುಟವೊಂದಿತ್ತು. ಅದನ್ನು ನಾನೇ ತೆರೆದುಕೊಟ್ಟೆ. ಬಂದವರಲ್ಲಿ ಹೆಚ್ಚಿನವರು ಎಮ್ಮೆ ಕೊಟ್ಟಿಗೆ ಬಿಡುವ ಮೊದಲೇ ಎದ್ದುಹೋಗಿದ್ದರು. ಮತ್ತೆ ಬಂದವರಂತೂ ಇಲ್ಲವೇ ಇಲ್ಲ ಎನ್ನಬೇಕು.

ನಾನು ಅಲ್ಲಿ ಇಲ್ಲಿ ಓದಿದ ಉಪಾಯಗಳನ್ನೆಲ್ಲ ಮಾಡಿಸಿದೆ. ಪ್ಯಾರಾಗಳನ್ನು ತುಂಡರಿಸಿದೆವು. ಹೇಮಾವತಿ ಸೇತುವೆಯ ಫೋಟೋ ಹಾಕಿದೆವು. ಕೆಳಗೆ ಹಳೆಯ ಬರಹಗಳ ಕೊಂಡಿ ಕೊಟ್ಟೆವು. ಕುತೂಹಲದ ಜಾಗದಲ್ಲಿ ನಿಲ್ಲಿಸಿ ಉಳಿದದ್ದನ್ನು ವಾರ ಬಿಟ್ಟು ಹಾಕಿದೆವು. ಏನಾಯಿತೆಂದು ಕೇಳಿ ಯಾರೂ ಬರಲಿಲ್ಲ. "ಚೆನ್ನಾಗಿದೆ, ನನ್ನ ಬ್ಲಾಗಿಗೂ ಬನ್ನಿ" ಎಂದು ಯಾರೋ ಬರೆದರೆ ಅವನು ಹೋಗಿ, ಅವರು ಬರೆದದ್ದನ್ನೆಲ್ಲ ಓದಿ, ಉದ್ದುದ್ದ ಪ್ರತಿಕ್ರಿಯೆ ಬರೆದು ಬರುತ್ತಿದ್ದ. ಅವರು ಧನ್ಯವಾದ ಹೇಳುತ್ತಿದ್ದರು. ಅಷ್ಟೇ.

ಒಂದು ದಿನ ಸ್ಲೇಟಿನ ಮೇಲೆ ಬರೆದು ತೋರಿಸಿದ: "ಮುಂದೆ ಕುಂತೋನ್ ಮುಖ ನೋಡ್ಕಂಡು ಕತೆ ಏಳ್ತಿದ್ದೆ. ಇಲ್ಲಿ ಯಾರ್ ಮುಖ ನೋಡ್ಲಿ?"

ಆದರೂ ಬರೆಯುವುದನ್ನು ಅವನು ಬಿಡಲಿಲ್ಲ. ಯಾಕೆಂದರೆ ಹಾಸನದಿಂದ ಒಬ್ಬ ಮಾತ್ರ ತಪ್ಪದೆ ಬರುತ್ತಿದ್ದ, ಕೊನೆಯ ಸಾಲಿನವರೆಗೂ ಇರುತ್ತಿದ್ದ. ಆ ಒಬ್ಬನಿಗೋಸ್ಕರವೇ ಕೆಲವು ತಿಂಗಳು ಬರೆದನೆಂದು ಕಾಣುತ್ತದೆ. ಆ ಬರಹಗಳು ಬಹಳ ಚೆನ್ನಾಗಿದ್ದವು.

ಆಮೇಲೊಂದು ಭಾನುವಾರ ಸ್ಲೇಟು ನನ್ನ ಕಡೆ ತಿರುಗಿಸಿದ. "ಆಸನದೋನು ನೀನೇನ್ಲಾ?"

"ಹೂಂ" ಎಂದೆ. "ನಿಂಗೋಸ್ಕರ ಅಲ್ಲ ಕಣೋ. ಓದಕ್ಕೇ ಬತ್ತೀನಿ, ನಿಜವಾಗ್ಲೂ."

ಅದು ನಿಜವೇ ಆಗಿತ್ತು. ಅವನು ನಂಬಲಿಲ್ಲ. ಸಾವಿನ ಮನೆಯಲ್ಲಿ ಸಮಾಧಾನ ಹೇಳಲು ಬಂದವರ ಕೈ ಹಿಡಿಯುತ್ತಾರಲ್ಲ, ಹಾಗೆ ನನ್ನ ಕೈ ಹಿಡಿದು ಬಿಟ್ಟ.

ಮತ್ತೆ ಅವನು ಬರೆಯಲಿಲ್ಲ. "ಅಂಗೇ ಅದ್ರ ಮುಂದೆ ಕುಂತಿರ್ತಾರೆ ಸಾ. ಒಂದಕ್ಸರಾನೂ ಒತ್ತಾಕಿಲ್ಲ" ಎಂದು ಅವನ ಹೆಂಡತಿ ಹೇಳಿದರು. ಆಮೇಲೆ ಗಂಡಹೆಂಡಿರಿಬ್ಬರೂ ಅರಕಲಗೂಡಿನ ಕಡೆಯ ತೋಟಕ್ಕೆ ಹೋದರು. ದನಿಯಿಲ್ಲದವನಿಗೆ ಫೋನು ಮಾಡುವುದು ಹೇಗೆ? ರಜೆಯಲ್ಲಿ ಹೋಗಿಬರುತ್ತಿದ್ದೆ. ನಾನೇ ಮಾತಾಡಬೇಕು. ನನಗೆ ಕಥೆ ಹೇಳಲು ಬರುವುದಿಲ್ಲ. ವರ್ಗಾವಣೆ, ಹೊಸ ಹೆಡ್‌ಮಾಸ್ಟರು, ಮಳೆ ಇಷ್ಟು ಮುಗಿದರೆ ಇಬ್ಬರೂ ತೆಂಗಿನ ಸಾಲು ನೋಡುತ್ತಾ ಕೂತಿರುತ್ತಿದ್ದೆವು. ಗಡ್ಡೆ ಮತ್ತೆ ಬಂದಿದೆಯೆಂದು ಅವನ ಹೆಂಡತಿ ಹೇಳಿದ್ದು ಅಂಥ ಒಂದು ಮಧ್ಯಾಹ್ನವೇ. ಅವನು ಅದನ್ನು ಕೇಳಿಸಿಕೊಂಡು, ನನಗೊಂದು ಎಳನೀರು ಕೊಡುವಂತೆ ಆಕೆಗೆ ಕೈಸನ್ನೆ ಮಾಡಿದ.