ಕಡವಿನ ಕಂಬ

ಕಂಕನಾಡಿ ಗ್ರಂಥಾಲಯದ ಹೊಸ ಮರದ ಮಂಟಪ ಎಷ್ಟು ಗಟ್ಟಿ ಎಂದು ತೋರಿಸಲು ತ್ರಿವಿಕ್ರಮ ಭಟ್ಟರು ಐದನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತರು. ಗೆದ್ದಲು ಹಿಡಿಯದಂತೆ ಅದಕ್ಕೆ ಬೆಳಿಗ್ಗೆಯಷ್ಟೇ ಗೇರುಬೀಜದ ಸಿಪ್ಪೆಯೆಣ್ಣೆ ಬಳಿದಿದ್ದದ್ದು ಮರೆತೇ ಹೋಗಿತ್ತು. ಬಿಳಿ ಅಂಗಿಗೆ ಕಪ್ಪು ಪಟ್ಟೆ ಮೂಡಿದ್ದು ಸಾಲದೆಂಬಂತೆ, ಕಂಬದೊಳಗಿನಿಂದ ಯಾರೋ ಅವರ ಬೆನ್ನು ತಟ್ಟಿದರು. ಟಕ್, ಟಕ್, ಟಕ್. ಭಟ್ಟರು ತಮ್ಮ ಐವತ್ತೆರಡು ವರ್ಷಕ್ಕೂ ಹೊಟ್ಟೆಗೂ ಒಪ್ಪದ ಒಂದು ಜಿಗಿತ ಜಿಗಿದರು.

ಗ್ರಂಥಾಲಯ ಸಮಿತಿಯ ಅಧ್ಯಕ್ಷೆ ಪಂಕಜಾಕ್ಷಿ ಟೀಚರ್ ನಗಲಿಲ್ಲ.

"ದಿನಾ ಮುಸ್ಸಂಜೆಗೆ ಹೀಗೇ ಅಂತೆ. ಮಕ್ಕಳು ಬರುವುದನ್ನೇ ಬಿಟ್ಟಿದ್ದಾರೆ. ಶುಕ್ರವಾರ ನಾನೇ ಬಂದು ಕೂತುಕೊಳ್ತೇನೆ. ಸದ್ದು ಕೇಳಿದ್ರೆ ಇದನ್ನು ಬಿಚ್ಚಿ ತಗಡಿನ ಶೆಡ್ಡು ಹಾಕುವುದು. ಮರವೇ ಬೇಕು ಅಂತ ಹಟ ಮಾಡಿದ್ದು ನೀವಲ್ವಾ ಭಟ್ರೇ?"

ಹೌದು, ಅವರೇ. ಅದಕ್ಕಿಂತ ಕಷ್ಟದ್ದೆಂದರೆ ಕಟ್ಟಿದ ಹಸನಬ್ಬ ಬ್ಯಾರಿಗಳಿಗೆ ಇದನ್ನು ಹೇಳುವುದು. ಬೋಳಾರದ ಹೊಳೆಬದಿಯಲ್ಲಿ ಹಳೆ ಮರದ ವ್ಯಾಪಾರ ಅವರದು. ನಲವತ್ತು ವರ್ಷ ಬೇರೆಯವರ ಮನೆ ಬಿಚ್ಚಿದವರು, ನಿಲ್ಲಿಸಿದ್ದು ಇದೊಂದನ್ನೇ. ಒಂದು ಮೊಳೆಯಿಲ್ಲ, ಎಲ್ಲ ಮರದ ಬೆಣೆ. ಬೇಸಗೆಯಲ್ಲಿ ಓದುವ ಮಂಟಪ, ಸುತ್ತ ಹಲಗೆ ಸಿಕ್ಕಿಸಿದರೆ ಮಳೆಗಾಲಕ್ಕೆ ಕೋಣೆ, ಬೇಡವಾದರೆ ಒಂದೇ ದಿನದಲ್ಲಿ ಬಿಚ್ಚಿ ಲಾರಿಗೆ ಹೇರಬಹುದು. "ಇದು ನಿಂತರೆ ನಾನು ಒಡೆಯುವ ಬ್ಯಾರಿ ಅಲ್ಲ, ಕಟ್ಟುವ ಬ್ಯಾರಿ" ಎಂದಿದ್ದರು.

ಮರುದಿನ ಬಂದ ಹಸನಬ್ಬ ಕಂಬವನ್ನು ಮೇಲಿಂದ ಕೆಳಗೆ ನೋಡಿದರು. ಕಂಕನಾಡಿಯಲ್ಲಿ ವಾರದಿಂದ ಮಳೆಯಿಲ್ಲ. ಆದರೂ ಕಂಬ ಒದ್ದೆ. ಅದೂ ಬುಡದಲ್ಲಲ್ಲ, ಮೇಲೆ, ಮಾಡಿನ ಹತ್ತಿರ ಒಂದು ಮೊಳ. ಎಣ್ಣೆಯ ಮೇಲೆ ಹನಿಗಟ್ಟಿದ್ದ ನೀರನ್ನು ಬೆರಳಲ್ಲಿ ತೆಗೆದು ಮೂಸಿದರು.

"ಹೊಳೆ ನೀರು. ಉಬ್ಬರದ್ದು. ಇದು ಕೂಳೂರಿನ ಹಳೆ ಕಡವಿನ ಕಂಬ ಭಟ್ರೇ, ದೋಣಿ ಕಟ್ಟುತ್ತಿದ್ದದ್ದು. ಇದನ್ನು ನಿಲ್ಲಿಸಿದ್ದು ಯಾರು?"

ಭಟ್ಟರ ಬೆನ್ನು ಉರಿಯತೊಡಗಿತು. ಅದು ಎಣ್ಣೆಯಿಂದ ಮಾತ್ರ ಅಲ್ಲ. ಹಸನಬ್ಬ ನಮಾಝಿಗೆ ಹೋಗಿದ್ದಾಗ, ತಾವೇ ಕಂಬ ನಿಲ್ಲಿಸುವ ಫೋಟೋದ ಆಸೆಗೆ, ಇಬ್ಬರು ಕೆಲಸದವರನ್ನು ಸೇರಿಸಿಕೊಂಡು...

"ನಾನೇ."

"ಬುಡಕ್ಕೆ ಉಳಿಯಲ್ಲಿ ಗೀಟು ಹಾಕಿದ್ದೆ. ನೋಡ್ಲಿಲ್ಲವಾ?"

"ನೋಡಿದೆ. ಚಂದ ಉಂಟಲ್ಲ, ಕಾಣ್ಲಿ ಅಂತ ಮೇಲೆ ಮಾಡಿದೆ."

ಹಸನಬ್ಬ ಒದ್ದೆ ಬೆರಳನ್ನು ಲುಂಗಿಗೆ ಒರೆಸಿಕೊಂಡರು. "ಮರ ಬೆಳೆದ ಹಾಗೆಯೇ ನಿಲ್ಲಬೇಕು ಮಾರಾಯ್ರೆ. ನಿಮ್ಮನ್ನು ತಲೆಕೆಳಗೆ ನಿಲ್ಲಿಸಿದ್ರೆ ನೀವು ಬಾಗಿಲು ಬಡಿಯುವುದಿಲ್ಲವಾ?"

ಗುರುವಾರ ಬೆಣೆ ಕಳಚಿ, ಕಂಬ ತಿರುಗಿಸಿ, ಮತ್ತೆ ಬೆಣೆ ಹೊಡೆದರು. ಶುಕ್ರವಾರ ಪಂಕಜಾಕ್ಷಿ ಟೀಚರ್ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಮುಸ್ಸಂಜೆ ಪೂರ್ತಿ ಕೂತರು. ಒಂದು ಸದ್ದಿಲ್ಲ. "ಇರಲಿ ಇದು" ಎಂದು ಎದ್ದುಹೋದರು.

ಅವರ ರಿಕ್ಷಾ ತಿರುವು ದಾಟಿರಬೇಕು; ಮಂಟಪದಲ್ಲಿ ಉಳಿದದ್ದು ಭಟ್ಟರು, ಹಸನಬ್ಬ ಇಬ್ಬರೇ. ಕಂಬದ ಬುಡದಿಂದ ಒದ್ದೆ ಮೆಲ್ಲಗೆ ಏರತೊಡಗಿತು. ಮೊಳದಷ್ಟು ಏರಿ ನಿಂತಿತು. ದೋಣಿ ದಡಕ್ಕೆ ತಾಗಿದ ಹಾಗೆ ಒಂದೇ ಒಂದು ಸಲ, ಟಕ್. ಆಮೇಲೆ ನೆಲದ ಹಲಗೆಗಳು ಒಂದರ ನಂತರ ಒಂದು, ಕಾಲಿಟ್ಟಂತೆ, ಕೆಳಗೆ ಬಾಗಿ ಮೇಲೆದ್ದವು. ಭಟ್ಟರು ಎಣಿಸಿದರು, ನಾಲ್ಕು ಜನ.

"ಬ್ಯಾರಿಗಳೇ, ಯಾರು ಇಳಿದದ್ದು?"

ಹಸನಬ್ಬ ಉಳಿಯನ್ನು ಚೀಲಕ್ಕೆ ಹಾಕುತ್ತಿದ್ದವರು ತಲೆ ಎತ್ತಲಿಲ್ಲ.

"ನನಗೆ ಎಂತ ಗೊತ್ತು ಭಟ್ರೇ. ಬೆಂಚು ಒಂದು ಹೆಚ್ಚೇ ಹಾಕಿದ್ದೇನೆ."